ಮನೆಯ ಸರ್ವರ್‌ಗೆ ಮೊದಲು ಮನೆ ಬೇಕು

ಅಪ್ಪ ತಾಳಮದ್ದಳೆಯ ಅರ್ಥಧಾರಿಯಾಗಿದ್ದರು. ಹೊನ್ನಾವರದ ಸುತ್ತಮುತ್ತಲಿನ ಕೂಟಗಳಲ್ಲಿ ಅವರು ಹೇಳಿದ ಅರ್ಥದ ನಲವತ್ತೊಂದು ಕ್ಯಾಸೆಟ್ಟುಗಳು ನನ್ನಲ್ಲಿದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಯಾವುದೋ ಕಂಪನಿಯ ಕ್ಲೌಡಿನಲ್ಲಿಡಲು ಮನಸ್ಸಾಗದೆ ಫ್ರೀಡಂಬಾಕ್ಸ್ ಹಾಕಿಕೊಂಡೆ. ಮೂರು ವರ್ಷ ಡೊಂಬಿವಲಿಯ ಬಾಡಿಗೆ ಮನೆಗಳಲ್ಲಿ ಅದನ್ನು ಓಡಿಸಿದ ಮೇಲೆ ಬರೆಯುತ್ತಿರುವ ಮಾತುಗಳಿವು.

ಹಿನ್ನೆಲೆ ಚಿಕ್ಕದು. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ 2010ರಲ್ಲಿ ನ್ಯೂಯಾರ್ಕಿನ ಒಂದು ಭಾಷಣದಲ್ಲಿ ಈ ಕನಸನ್ನು ಮುಂದಿಟ್ಟರು. ನಮ್ಮ ಪತ್ರ, ಫೋಟೊ, ಮಾತುಕತೆಗಳೆಲ್ಲ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥ ಪುಟ್ಟ ಯಂತ್ರದಲ್ಲಿ ನಮ್ಮ ಮನೆಯೊಳಗೇ ಇರಲಿ ಎಂಬುದು ಅವರ ವಾದ. ಮರುವರ್ಷ ಇದಕ್ಕಾಗಿಯೇ ಪ್ರತಿಷ್ಠಾನ ಹುಟ್ಟಿತು. ಡೆಬಿಯನ್ ಲಿನಕ್ಸ್‌ನ ಮೇಲೆ ಕಟ್ಟಿದ ಈ ಸ್ವತಂತ್ರ ತಂತ್ರಾಂಶಕ್ಕೆ ಭಾರತೀಯ ಪ್ರೋಗ್ರಾಮರುಗಳ ದುಡಿಮೆಯೂ ಸಾಕಷ್ಟು ಸಂದಿದೆ.

ಮೊದಲು ಹೊಗಳಲೇಬೇಕು. ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಬೋರ್ಡಿನಲ್ಲೂ ಇದು ಓಡುತ್ತದೆ. ಕಡತ ಹಂಚಿಕೆ, ಕ್ಯಾಲೆಂಡರ್, ಚಾಟ್, ವಿಕಿ, ಬ್ಯಾಕಪ್, ಎಲ್ಲವೂ ಬ್ರೌಸರಿನಲ್ಲಿ ನಾಲ್ಕು ಕ್ಲಿಕ್ಕಿನ ದೂರ. ಕಪ್ಪು ತೆರೆಯ ಮುಂದೆ ಕೂತು ಕಮಾಂಡ್ ಕುಟ್ಟುವ ಕೆಲಸ ಬಹುಮಟ್ಟಿಗೆ ಇಲ್ಲ. ಒಂದೇ ಭಾನುವಾರದಲ್ಲಿ ಎಲ್ಲವನ್ನೂ ಹೊಂದಿಸಿದೆ.

ತೊಡಕು ಶುರುವಾದದ್ದು ಹೊನ್ನಾವರದ ಅಕ್ಕ ತನ್ನ ಫೋನಿನಲ್ಲಿ ಕೇಳಲು ಹೊರಟಾಗ. ನಮ್ಮ ಬ್ರಾಡ್‌ಬ್ಯಾಂಡಿನವರು ಹತ್ತಾರು ಗ್ರಾಹಕರಿಗೆ ಹೊರಗೆ ಒಂದೇ ಐಪಿ ವಿಳಾಸ ಕೊಡುತ್ತಾರೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾರರು. ಇಡೀ ಚಾಳಿಗೆ ಒಂದೇ ವಿಳಾಸ, ಯಾರ ಖೋಲಿಯ ನಂಬರೂ ಇಲ್ಲ ಎಂದಂತೆ. ಫ್ರೀಡಂಬಾಕ್ಸ್ ಇದಕ್ಕೆ ಸುತ್ತುದಾರಿಗಳನ್ನು ಕೊಡುತ್ತದೆ: ಟಾರ್ ಜಾಲ, ಇಲ್ಲವೇ ನಡುವೆ ನಿಂತು ಸಂಪರ್ಕ ಕೊಡಿಸುವ ಪೇಜ್‌ಕೈಟ್ ಸೇವೆ. ಟಾರ್ ಅಕ್ಕನ ಕೈಗೆ ಒಗ್ಗಲಿಲ್ಲ. ಬೇರೆಯವರ ಸರ್ವರ್ ಬೇಡವೆಂದು ಹೊರಟವನು ಬೇರೆಯವರ ಸರ್ವರಿನ ಮೂಲಕವೇ ಮನೆಗೆ ದಾರಿ ಮಾಡಿಕೊಂಡೆ.

ಆಮೇಲೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮುಗಿಯಿತು. ಸಾಮಾನಿನ ಜೊತೆ ಸರ್ವರ್ ಕೂಡ ರಟ್ಟಿನ ಪೆಟ್ಟಿಗೆ ಸೇರಿತು. ಹೊಸ ಮನೆಗೆ ನೆಟ್ ಬರಲು ಮೂರು ವಾರ. ಅಕ್ಕನ ಫೋನ್: "ಎಂತಾ ಆತೋ ತಮಾ, ಅಪ್ಪಯ್ಯನ ಸ್ವರವೇ ಬತ್ತಿಲ್ಲೆ?" ಅದೇ ಮಳೆಗಾಲದಲ್ಲಿ ಮೆಮೊರಿ ಕಾರ್ಡೂ ಸತ್ತಿತು. ಬ್ಯಾಕಪ್ ಇತ್ತು, ಏನೂ ಹೋಗಲಿಲ್ಲ. ಆದರೆ ಬ್ಯಾಕಪ್ಪಿನ ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬನಿಗೇ. ಆ ರಾತ್ರಿ ನಿದ್ದೆ ಬರಲಿಲ್ಲ. ಲೋಕಲ್ ಟ್ರೇನಿನಲ್ಲಿ ದಿನಕ್ಕೆರಡು ಸಲ ನೇತಾಡುವ ಒಬ್ಬ ಮನುಷ್ಯನ ತಲೆಯೊಳಗೆ ಅಪ್ಪನ ಅಷ್ಟೂ ಮಾತಿನ ಬೀಗದ ಕೈ!

ನನ್ನ ತಕರಾರು ಇಲ್ಲಿದೆ. ಈ ತಂತ್ರಾಂಶದ ಕೋಡಿನಲ್ಲಿ ದೋಷವಿಲ್ಲ. ಅದು ಕಲ್ಪಿಸಿಕೊಂಡ ಮನೆಯಲ್ಲಿದೆ. ಸ್ವಂತ ಸೂರು, ಕೈಕೊಡದ ಕರೆಂಟು, ಬದಲಾಗದ ವಿಳಾಸ, ಜೊತೆಗೆ ಬಿಡುವಿರುವ ಒಬ್ಬ ಯಜಮಾನ, ಇಷ್ಟು ಇದ್ದವನಿಗೆ ಅದು ಸ್ವಾತಂತ್ರ್ಯ. ಬಾಡಿಗೆ ಮನೆಯವನಿಗೆ ಸ್ವಂತ ಬಾವಿಯಿದ್ದಂತೆ: ತೋಡುವುದೂ ಅವನೇ, ಹೂಳೆತ್ತುವುದೂ ಅವನೇ. ಮೊದಲ ಸಲ ಚಾಲೂ ಮಾಡಿದಾಗ ಅದು ಒಬ್ಬ ಅಡ್ಮಿನ್‌ನ ಹೆಸರು ಕೇಳುತ್ತದೆ. ಎರಡನೆಯವರನ್ನು ಸೇರಿಸಲು ಅವಕಾಶವಿದೆ, ಸೇರಿಸಿ ಎಂಬ ಒತ್ತಾಯವಿಲ್ಲ. ಆ ಒತ್ತಾಯ ಇರಬೇಕಿತ್ತು.

ಇದೇ ಪೆಟ್ಟಿಗೆ ಬೇರೆ ಕಡೆ ಬೇರೆ ರೀತಿ ಬಾಳಿದೆ. ತೆಲುಗು ನಾಡಿನ ಹಳ್ಳಿಗಳಲ್ಲಿ ಸ್ವೇಚ್ಛಾ ಎಂಬ ಸ್ವತಂತ್ರ ತಂತ್ರಾಂಶ ಬಳಗ ಫ್ರೀಡಂಬಾಕ್ಸ್ ಇಟ್ಟು ಊರವರಿಗೆ ವೈಫೈ ಹಂಚಿತು. ನಮ್ಮ ತುಮಕೂರಿನ ಬಳಿ ದೇವರಾಯನದುರ್ಗದ ಸುತ್ತ ಜನಸ್ತು ಬಳಗದವರು ಸಮುದಾಯವೇ ನಡೆಸುವ ವೈಫೈ ಜಾಲಕ್ಕೆ ದುಡಿದಿದ್ದಾರೆ. ಅಲ್ಲಿನ ಲೆಕ್ಕದಲ್ಲಿ 'ನನ್ನದು' ಇಲ್ಲ, 'ನಮ್ಮದು' ಇದೆ. ಒಬ್ಬ ಊರು ಬಿಟ್ಟರೆ ಇನ್ನೊಬ್ಬ ನೋಡಿಕೊಳ್ಳುತ್ತಾನೆ.

ಮುಂಬಯಿ ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಒಬ್ಬೊಬ್ಬರೇ ಊರುಬಿಟ್ಟು ಬಂದವರು ಎಲ್ಲರಿಗೂ ಆಗುವ ಒಂದು ನೆಲೆ ಕಟ್ಟಿಕೊಂಡರು. ಇಂಥ ಸಂಘದ ಕಪಾಟಿನಲ್ಲಿ, ಮೂವರು ಅಡ್ಮಿನ್‌ಗಳ ಕೈಯಲ್ಲಿ, ಈ ಪೆಟ್ಟಿಗೆ ಇರುವುದಾದರೆ ನನ್ನ ತಕರಾರಿನ ಮುಕ್ಕಾಲು ಪಾಲು ವಾಪಸ್ ಪಡೆಯುತ್ತೇನೆ. ನಮ್ಮಲ್ಲಿ ಎಷ್ಟು ಮನೆಗಳ ಅಟ್ಟದ ಮೇಲೆ ಇಂಥ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿಲ್ಲ?

ಸದ್ಯಕ್ಕೆ ಪೆಟ್ಟಿಗೆ ಓಡುತ್ತಿದೆ. ಒಂದು ಪ್ರತಿ ಅಕ್ಕನ ಮಗನ ಹಾರ್ಡ್‌ಡಿಸ್ಕಿನಲ್ಲಿದೆ. ಅವನೇ ಈಗ ಎರಡನೇ ಅಡ್ಮಿನ್. ಪಾಸ್‌ವರ್ಡ್ ಬರೆದ ಲಕೋಟೆ ಹೆಂಡತಿಯ ಬೀರುವಿನಲ್ಲಿದೆ. ಮುಂದಿನ ಕರಾರು ಮಾರ್ಚಿಗೆ ಮುಗಿಯುತ್ತದೆ.