ರಾಂಚೋಗೆ ಬೇಡವಾದ ಕಾಯಿದೆ ಅಲೋಕನಿಗೆ ಬೇಕು

ನನ್ನ ಬಳಿ ಹೈಸ್ಕೂಲು ಓದಿದ ಹುಡುಗನೊಬ್ಬ ದೆಹಲಿ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದನ್ನು ಸೇರಿದ್ದ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಮೂರನೇ ಸೆಮಿಸ್ಟರಿನಲ್ಲಿ ಅಬ್ಬಾಗೆ ಹುಷಾರಿಲ್ಲ ಅಂತ ಊರಿಗೆ ಬಂದವನು ತಿಂಗಳಿಗೂ ಹೆಚ್ಚು ಉಳಿದ. ವಾಪಸ್ ಹೋದಾಗ ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಇಂಥ ಸಂದರ್ಭಕ್ಕೆ ರಿಯಾಯಿತಿ ಇತ್ತು, ಆದರೆ ಅರ್ಜಿಯನ್ನು ನಿಗದಿತ ದಿನದೊಳಗೆ ಕೊಡಬೇಕಿತ್ತು. "ನಿಯಮದ ಪುಸ್ತಕ ಓದಿರಲಿಲ್ವಾ?" ಅಂತ ಫೋನಿನಲ್ಲಿ ಕೇಳಿದೆ. "ಅದನ್ನ ಯಾರು ಓದ್ತಾರೆ ಮೇಡಂ?" ಅಂದ. ‘ತ್ರೀ ಈಡಿಯಟ್ಸ್’ ಸಿನಿಮಾದ ಮಾತುಗಳು ಮಾತ್ರ ಅವನಿಗೆ ಬಾಯಿಪಾಠ.

ಆ ಮೇಲೆ ನಾನು ಆ ಸಿನಿಮಾವನ್ನೂ ಅದಕ್ಕೆ ಆಧಾರವಾದ ಚೇತನ್ ಭಗತ್ ಅವರ ‘ಫೈವ್ ಪಾಯಿಂಟ್ ಸಮ್‌ಒನ್’ ಕಾದಂಬರಿಯನ್ನೂ ಮತ್ತೆ ನೋಡಿದೆ. ನಮ್ಮ ಮಕ್ಕಳ ಮನಸ್ಸಿನಲ್ಲಿ ‘ಕಾಲೇಜಿನ ನಿಯಮ ಅಂದ್ರೆ ತಮಾಷೆ’ ಎಂಬ ಭಾವನೆ ಎಲ್ಲಿಂದ ಬಂತು ಎಂದು ತಿಳಿಯಬೇಕಿತ್ತು.

2004ರಲ್ಲಿ ಬಂದ ಕಾದಂಬರಿ ನಡೆಯುವುದು ದೆಹಲಿ ಐಐಟಿಯಲ್ಲಿ. ಲೇಖಕರು ಅಲ್ಲೇ ಮೆಕ್ಯಾನಿಕಲ್ ಓದಿದವರು. ಹರಿ, ಅಲೋಕ್, ರಯಾನ್ ಎಂಬ ಮೂವರು ಗೆಳೆಯರು ಹತ್ತರಲ್ಲಿ ಐದು ಚಿಲ್ಲರೆ ಪಾಯಿಂಟ್ ಪಡೆದು ತರಗತಿಯ ತಳದಲ್ಲಿ ಉಳಿಯುತ್ತಾರೆ. ನಿಮ್ಮ ಗ್ರೇಡು ನಿಮ್ಮ ಅಂಕದಿಂದ ಮಾತ್ರವಲ್ಲ, ಪಕ್ಕದವನ ಅಂಕದಿಂದಲೂ ತೀರ್ಮಾನವಾಗುವ ಪದ್ಧತಿ ಅಲ್ಲಿಯದು. ಗೆಳೆಯನನ್ನೇ ಪ್ರತಿಸ್ಪರ್ಧಿ ಮಾಡುವ ಈ ಪದ್ಧತಿಯ ಮೇಲೆ ಕಾದಂಬರಿಗಿರುವ ಸಿಟ್ಟು ನ್ಯಾಯವಾದದ್ದೇ.

ಆದರೆ ಆ ಸಿಟ್ಟು ಯಾರದು? ಅನುಕೂಲಸ್ಥರ ಮನೆಯ ರಯಾನನದು. ಅಲೋಕನ ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಟೀಚರ್ ಕೆಲಸದಲ್ಲಿ ಸಂಸಾರ ಎಳೆಯುವ ತಾಯಿ, ಮದುವೆಯಾಗಬೇಕಾದ ಅಕ್ಕ. ಅಲೋಕ್ ನಡುವೆ ಒಮ್ಮೆ ಗೆಳೆಯರನ್ನು ಬಿಟ್ಟು ಓದಿನ ಹುಳುವೊಬ್ಬನ ಜೊತೆ ಸೇರುತ್ತಾನೆ. ಕಥೆ ಹೇಳುವ ಹರಿಗೆ ಅದು ದ್ರೋಹದಂತೆ ಕಾಣುತ್ತದೆ, ಯಾಕೆಂದರೆ ಅವನ ಮೆಚ್ಚುಗೆಯೆಲ್ಲ ರಯಾನನ ಮೇಲೆ. ನೀವು ಬಡವರ ಮನೆಯ ಕಣ್ಣಿನಿಂದ ಓದಿ ನೋಡಿ, ಮೂವರಲ್ಲಿ ತಲೆ ಸರಿ ಇದ್ದವನು ಅಲೋಕನೇ ಅನ್ನಿಸುತ್ತದೆ.

2009ರಲ್ಲಿ ರಾಜ್‌ಕುಮಾರ್ ಹಿರಾನಿ ಸಿನಿಮಾ ಮಾಡಿದಾಗ ಬಹುಪಾಲು ಚಿತ್ರೀಕರಣ ನಡೆದದ್ದು ನಮ್ಮ ಬೆಂಗಳೂರಿನ ಐಐಎಂ ಆವರಣದಲ್ಲಿ. ರಯಾನ್ ಹೋಗಿ ರಾಂಚೋ ಬಂದ. ಕಾದಂಬರಿಯ ರಯಾನ್ ನಿಯಮ ಮುರಿದು ಕೆಳಗಿನ ಗ್ರೇಡು ಪಡೆಯುತ್ತಾನೆ. ಸಿನಿಮಾದ ರಾಂಚೋ ನಿಯಮ ಮುರಿದೂ ಮೊದಲ ಸ್ಥಾನ ಪಡೆಯುತ್ತಾನೆ! ಕೆಳಗಿನ ಸ್ಥಾನ ಸಿಗುವುದು ಫರ್ಹಾನ್ ಖುರೇಷಿಗೆ ಮತ್ತು ಬಡವ ರಾಜುವಿಗೆ. ತಡವಾಗಿ ತಂದ ಉತ್ತರಪತ್ರಿಕೆಗಳನ್ನು ಉಳಿದವರ ಪತ್ರಿಕೆಗಳ ರಾಶಿಯಲ್ಲಿ ಕಲಸಿ ಓಡುವ ದೃಶ್ಯಕ್ಕೆ ನಾನೂ ನಕ್ಕಿದ್ದೇನೆ. ನಿಜ ಜೀವನದಲ್ಲಿ ಹಾಗೆ ಮಾಡಿದ ಹುಡುಗನ ಗತಿ ಏನಾಗುತ್ತದೆಂದು ಟೀಚರಾದ ಮೇಲೆ ಗೊತ್ತಾಯಿತು.

ಪ್ರಶ್ನೆಪತ್ರಿಕೆ ಕದಿಯುವ ಘಟನೆ ಎರಡರಲ್ಲೂ ಇದೆ. ಕಾದಂಬರಿಯಲ್ಲಿ ಸಮಿತಿ ವಿಚಾರಣೆ ನಡೆಸಿ ಒಂದು ಸೆಮಿಸ್ಟರ್ ಅಮಾನತು ಮಾಡುತ್ತದೆ. ಸಿನಿಮಾದಲ್ಲಿ ನಿರ್ದೇಶಕರು ಅಲ್ಲೇ ಹೊರಹಾಕುತ್ತಾರೆ, ಅವರ ಮಗಳ ಹೆರಿಗೆಗೆ ರಾಂಚೋ ನೆರವಾದ ಮೇಲೆ ಎಲ್ಲವೂ ಮನ್ನಾ. ಇದನ್ನು ಮಾನವೀಯತೆ ಅಂತ ನಾವು ಕಣ್ಣೀರು ಹಾಕಿದೆವು. ಆದರೆ ಒಬ್ಬರ ಸಿಟ್ಟಿಗೆ ಶಿಕ್ಷೆ, ಅದೇ ಒಬ್ಬರ ಖುಷಿಗೆ ಕ್ಷಮೆ ಅಂದರೆ ಅದು ನ್ಯಾಯವಲ್ಲ, ಮೆಹರ್ಬಾನಿ. ಪರಿಚಯ, ವಶೀಲಿ ಇಲ್ಲದ ಮನೆಯ ಮಕ್ಕಳಿಗೆ ಮೆಹರ್ಬಾನಿ ಸಿಗುವುದು ಅಪರೂಪ. ಅವರಿಗೆ ಬರೆದಿಟ್ಟ ನಿಯಮವೇ ಗತಿ.

ಇನ್ನೊಂದು ಉದಾಹರಣೆ ನೋಡಿ. ಎರಡೂ ಕಥೆಗಳು ಶುರುವಾಗುವುದು ರ‍್ಯಾಗಿಂಗ್‌ನಿಂದ. ಎರಡರಲ್ಲೂ ಕಾಪಾಡುವುದು ಒಬ್ಬ ಧೈರ್ಯವಂತ ಹುಡುಗ. ಸಿನಿಮಾ ಬಂದ ಅದೇ 2009ರಲ್ಲಿ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಾವಳಿ ತಂದಿತು. ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ದೂರು ಬಂದರೆ ಸಂಸ್ಥೆ ಕ್ರಮ ಕೈಗೊಳ್ಳಬೇಕು. ಪ್ರತಿ ಹಾಸ್ಟೆಲಿಗೂ ಒಬ್ಬ ರಾಂಚೋ ಸಿಗುವುದಿಲ್ಲ, ಈ ನಿಯಮ ಎಲ್ಲ ಕಡೆ ಇದೆ.

ಹಾಗಂತ ನಿಯಮಗಳೆಲ್ಲ ಒಳ್ಳೆಯವು ಅಂತ ನಾನು ಹೇಳುತ್ತಿಲ್ಲ. ಸಿನಿಮಾದಲ್ಲಿ ಪ್ರಾಜೆಕ್ಟ್ ಗಡುವು ವಿಸ್ತರಿಸದ ಕಾರಣಕ್ಕೆ ಜಾಯ್ ಲೋಬೊ ಸಾಯುತ್ತಾನೆ. ಅದು ಕಲ್ಪನೆ ಮಾತ್ರವಲ್ಲ. 2016ರಲ್ಲಿ ಹಾಜರಾತಿ ಕೊರತೆಯಿಂದ ಪರೀಕ್ಷೆಗೆ ಕೂರಲಾಗದ ನೋಯ್ಡಾದ ಕಾನೂನು ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಗೆಳೆಯನೊಬ್ಬ ನ್ಯಾಯಾಲಯಕ್ಕೆ ಪತ್ರ ಬರೆದ. 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಹಾಜರಾತಿ ಕೊರತೆಯ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು ಎಂದಿತು. ಆ ತೀರ್ಪು ಕಾನೂನು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು, ನನ್ನ ಹುಡುಗನಿಗೆ ದಕ್ಕುವುದಿಲ್ಲ. ಆದರೂ ಗಮನಿಸಿ: ಆ ನಿಯಮ ಬದಲಾದದ್ದು ಅದನ್ನು ಗೇಲಿ ಮಾಡಿದವರಿಂದಲ್ಲ, ಕೂತು ಪತ್ರ ಬರೆದವನಿಂದ.

2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಗೇಟು ದಾಟಿದ ಮೇಲೆ ಸಿಗುವ ನಿಯಮದ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಮಕ್ಕಳು ಎಡವುವುದು ಇಲ್ಲೇ. ಅಲ್ಲಿ ಹಿಂದೆ ಓದಿದ ಅಣ್ಣ, ಅಕ್ಕ ಮನೆಯಲ್ಲಿದ್ದರೆ ಹೇಳಿಕೊಡುತ್ತಾರೆ. ಮೊದಲ ತಲೆಮಾರಿನವರಿಗೆ ಯಾರು ಹೇಳಬೇಕು?

ಉರ್ದುವಿನಲ್ಲಿ ನಿಯಮಕ್ಕೂ ‘ಕಾಯಿದಾ’ ಅನ್ನುತ್ತೇವೆ, ಪುಟ್ಟ ಮಕ್ಕಳು ಅಲಿಫ್, ಬೇ ಕಲಿಯುವ ಪುಸ್ತಕಕ್ಕೂ ‘ಕಾಯಿದಾ’ ಅನ್ನುತ್ತೇವೆ. ಕನ್ನಡದ ‘ಕಾಯಿದೆ’ ಬಂದದ್ದೂ ಅಲ್ಲಿಂದಲೇ. ಮೊದಲ ಕಾಯಿದಾವನ್ನು ಮಗುವಿನ ಪಕ್ಕ ಕೂತು ಓದಿಸುವ ನಾವು, ಈ ಎರಡನೆಯದನ್ನೂ ಹಾಗೆಯೇ ಓದಿಸಬೇಕಲ್ಲವೇ? ನಿಮ್ಮ ಮೊಹಲ್ಲಾದಿಂದ ಈ ವರ್ಷ ಯಾರಾದರೂ ಇಂಜಿನಿಯರಿಂಗ್ ಸೇರುತ್ತಿದ್ದರೆ ಹಾಜರಾತಿ, ರಿಯಾಯಿತಿ, ಮರುಪರೀಕ್ಷೆ, ದೂರು ಕೊಡುವ ಬಗೆ, ಈ ನಾಲ್ಕು ಪುಟಗಳನ್ನಾದರೂ ಅವರೊಂದಿಗೆ ಕೂತು ಓದಿ. ಸಿನಿಮಾ ಆಮೇಲೆ ನೋಡಬಹುದು.

ನನ್ನ ಹುಡುಗ ಈಗ ಒಂದು ವರ್ಷ ಹಿಂದೆ ಬಿದ್ದಿದ್ದಾನೆ. ಮೊನ್ನೆ ಆ ಪುಸ್ತಕದ ಫೋಟೋ ಕಳಿಸಿದ್ದ. ಪೆನ್ಸಿಲಿನಲ್ಲಿ ಗೆರೆ ಎಳೆದು ಬದಿಯಲ್ಲಿ ಉರ್ದುವಿನಲ್ಲಿ ಅರ್ಥ ಬರೆದುಕೊಂಡಿದ್ದಾನೆ. ಇದನ್ನು ಅವನಿಗೆ ನಾನು ಎರಡು ವರ್ಷ ಮೊದಲೇ ಕಲಿಸಬೇಕಿತ್ತು.