ಮೂರು ಹರಳು, ಒಂದು ಕಾಮೆಂಟು
ಗಂಗಾವತಿಯ ನಮ್ಮ ಮನೇಲಿ ಅಕ್ಕಿ ಹಸನು ಮಾಡೋದು ಕಲಿಸುವಾಗ ಅಜ್ಜಿ ತಾನೇ ಮೂರು ಹರಳು ಬೆರೆಸಿ ಮರ ಕೈಗೆ ಕೊಡ್ತಿದ್ದಳು. ಮೂರೂ ಸಿಗಬೇಕು, ಒಳ್ಳೆ ಕಾಳು ಎಸೀಬಾರದು. ಕೋಡಿನ ತಪ್ಪು ಹುಡುಕುವ ಟೂಲುಗಳನ್ನು ಪರೀಕ್ಷಿಸೋದೂ ಹೀಗೇನೇ. ಬೇಕಂತಲೇ ತಪ್ಪು ಕೋಡ್ ಬರೆದು, ಟೂಲು ಏನು ಹೇಳಬೇಕು ಅನ್ನೋದನ್ನ ಅದೇ ಸಾಲಿನ ಪಕ್ಕ ಕಾಮೆಂಟಾಗಿ ಬರೆದಿಡ್ತಾರೆ. ಸಿ++ ಕಂಪೈಲರ್ ಕ್ಲ್ಯಾಂಗ್‌ನಲ್ಲಿ ‘ಎಕ್ಸ್‌ಪೆಕ್ಟೆಡ್-ಎರರ್’, ಗೋ ಭಾಷೆಯ ಅನಾಲಿಸಿಸ್‌ಟೆಸ್ಟ್‌ನಲ್ಲಿ ‘ವಾಂಟ್’. ಹೇಳಬೇಕಾದ್ದು ಹೇಳದಿದ್ದರೂ ಫೇಲ್, ಹೇಳಬಾರದ್ದು ಹೇಳಿದರೂ ಫೇಲ್.

ಬೇರೆ ಫೈಲಿನಲ್ಲಿ ಸಾಲಿನ ನಂಬರುಗಳ ಪಟ್ಟಿ ಇಡೋದಕ್ಕಿಂತ ಇದು ಎಷ್ಟೋ ವಾಸಿ. ಮೇಲೊಂದು ಸಾಲು ಸೇರಿಸಿದರೆ ಆ ಪಟ್ಟಿಯೆಲ್ಲ ಹಾಳು. ಕಾಮೆಂಟು ತನ್ನ ಸಾಲಿನ ಜೊತೆಗೇ ಸರಿಯುತ್ತೆ.

ನನ್ನ ತಕರಾರು ಅದನ್ನು ಬರೆಯುವವರ ಮೇಲೆ. ಸಂದೇಶದ ಒಂದು ತುಣುಕು ಹೊಂದಿದರೂ ಕ್ಲ್ಯಾಂಗ್ ಒಪ್ಪಿಕೊಳ್ಳುತ್ತೆ. ಗೋದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್. ಅಲ್ಲೊಂದು ಚುಕ್ಕಿ, ನಕ್ಷತ್ರ ಹಾಕಿಬಿಟ್ಟರೆ ಆ ಸಾಲಿಗೆ ಟೂಲು ಏನು ಒದರಿದರೂ ಪಾಸ್. ಶುಕ್ರವಾರ ಸಂಜೆ ನಾನೂ ಹಾಕಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಇನ್ನೂ ಕೆಟ್ಟದ್ದು, ಮೊದಲು ಟೂಲು ಓಡಿಸಿ ಅದು ಹೇಳಿದ್ದನ್ನೇ ಕಾಪಿ ಮಾಡಿ ಕಾಮೆಂಟಿಗೆ ಅಂಟಿಸೋದು. ಒಳ್ಳೆ ಕಾಳನ್ನು ಟೂಲು ಹರಳು ಅಂದಿದ್ದರೆ, ಇನ್ಮೇಲೆ ಅದು ಹರಳೇ.

ಇಲ್ಲಿ ರಸ್ಟ್ ಕಂಪೈಲರಿನವರು ಜಾಣರು. ‘ಬ್ಲೆಸ್’ ಕೊಟ್ಟರೆ ಔಟ್‌ಪುಟ್ ಫೈಲು ತಾನಾಗೇ ಬದಲಾಗುತ್ತೆ, ಆದರೆ ಸಾಲಿನ ಪಕ್ಕದ ಕಾಮೆಂಟನ್ನು ಕೈಯಾರೆ ಬರೀಬೇಕು. ಬರೆಯೋ ಹೊತ್ತಿಗೆ ಒಮ್ಮೆಯಾದರೂ ಆ ಸಾಲನ್ನು ನೋಡ್ಲೇಬೇಕಾಗುತ್ತೆ.