‘ಸಾವಯವ’ ಶಬ್ದದ ಅರ್ಥ ಮತ್ತು ಪ್ರಯೋಗ

ಪಾರಿಭಾಷಿಕ ಶಬ್ದವೊಂದು ಶಾಸ್ತ್ರದ ಎಲ್ಲೆಯನ್ನು ದಾಟಿ ಜನರ ಬಳಕೆಗೆ ಬಂದಾಗ ಅದರ ಅರ್ಥವು ಸ್ವಲ್ಪ ಸಡಿಲವಾಗುವುದು ಸಹಜವಷ್ಟೆ. ಆದರೆ ಒಂದು ಕಡೆ ಅದು ಹೌದೆಂದುದನ್ನೇ ಇನ್ನೊಂದು ಕಡೆ ಅಲ್ಲವೆಂದು ಹೇಳತೊಡಗಿದರೆ ಅದನ್ನು ವಿರೋಧವೆಂದೇ ಕರೆಯಬೇಕು. ‘ಸಾವಯವ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಈಗ ಒದಗಿರುವ ಸ್ಥಿತಿಯು ಇಂತಹುದು. ರಸಾಯನಶಾಸ್ತ್ರದ ಪಾಠದಲ್ಲಿ ಯೂರಿಯಾ ಸಾವಯವ ಸಂಯುಕ್ತಗಳಲ್ಲಿ ಒಂದು. ಬೇಸಾಯದ ಮಾತಿನಲ್ಲಿ ಯೂರಿಯಾ ಹಾಕದೆ ಬೆಳೆದುದು ಸಾವಯವ. ಹೊಳೆನರಸೀಪುರದ ಗದ್ದೆಬಯಲಿನಿಂದ ಶಾಲೆಗೆ ಬರುವ ಹುಡುಗನು ಮನೆಯಲ್ಲಿ ಒಂದನ್ನೂ ತರಗತಿಯಲ್ಲಿ ಅದಕ್ಕೆ ಎದುರಾದ ಇನ್ನೊಂದನ್ನೂ ಕೇಳಬೇಕಾಗುತ್ತದೆ. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಸರಿಯಾದವೇ. ಹಾಗಾದರೆ ದೋಷವಿರುವುದು ಎಲ್ಲಿ? ಹೊಳೆನರಸೀಪುರ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಒಕ್ಕಲುತನದಲ್ಲಿಯೇ ದೊರೆಯುವ ನಿದರ್ಶನಗಳಿಂದ ಇದನ್ನು ಪರೀಕ್ಷಿಸಬಹುದು.

ಮೊದಲು ಶಬ್ದದ ಹುಟ್ಟನ್ನು ನೋಡತಕ್ಕದ್ದು. ಅವಯವಗಳೊಡನೆ ಕೂಡಿದುದು ಸಾವಯವ; ಅವು ಇಲ್ಲದುದು ನಿರವಯವ. ನ್ಯಾಯವೈಶೇಷಿಕರಿಗೆ ಪರಮಾಣುವು ನಿರವಯವ. ಎರಡು ಪರಮಾಣುಗಳು ಕೂಡಿದ ದ್ವ್ಯಣುಕದಿಂದ ಹಿಡಿದು ಬೆಟ್ಟದವರೆಗೆ ಪರಮಾಣುಗಳಿಂದ ಕಟ್ಟಿದುದೆಲ್ಲವೂ ಸಾವಯವ. ಆಲಂಕಾರಿಕರಲ್ಲಿಯೂ ಈ ಜೋಡಿಯುಂಟು. ಹನ್ನೆರಡನೆಯ ಶತಮಾನದ ರುಯ್ಯಕನು ‘ಅಲಂಕಾರಸರ್ವಸ್ವ’ದಲ್ಲಿ ರೂಪಕವನ್ನು ನಿರವಯವ, ಸಾವಯವ, ಪರಂಪರಿತವೆಂದು ಮೂರು ಬಗೆಯಾಗಿ ವಿಭಾಗಿಸಿದನು. ಅಂಗಿಯ ಮೇಲಿನ ಆರೋಪವು ಅಂಗಗಳಿಗೂ ಹರಿದು ಒಟ್ಟಾಗಿ ನಿಂತರೆ ಸಾವಯವರೂಪಕ. ಈ ಎಲ್ಲ ಪ್ರಯೋಗಗಳಲ್ಲಿಯೂ ಅರ್ಥದ ತಿರುಳು ಒಂದೇ: ಭಾಗಗಳು ಉಂಟು, ಅವು ಒಂದು ಇಡಿಯಲ್ಲಿ ಸೇರಿವೆ.

ರಸಾಯನಶಾಸ್ತ್ರದ ಪ್ರಯೋಗವು ಈ ದಾರಿಯಿಂದ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಸ್ವೀಡನ್ ದೇಶದ ಬರ್ಜೀಲಿಯಸನು ಸಸ್ಯಪ್ರಾಣಿಗಳಿಂದ ದೊರೆಯುವ ದ್ರವ್ಯಗಳ ರಸಾಯನಕ್ಕೆ ‘ಆರ್ಗ್ಯಾನಿಕ್’ ಎಂಬ ಹೆಸರನ್ನು ಬಳಕೆಗೆ ತಂದನು. ಅಂಗಗಳುಳ್ಳ ಜೀವಿಗಳಲ್ಲಿರುವ ಜೀವಶಕ್ತಿಯಿಲ್ಲದೆ ಆ ದ್ರವ್ಯಗಳು ಹುಟ್ಟಲಾರವೆಂಬುದು ಅಂದಿನ ನಂಬಿಕೆ. 1828ರಲ್ಲಿ ಜರ್ಮನಿಯ ವೋಲರನು ಅಮೋನಿಯಂ ಸಯನೇಟಿನಿಂದ, ಮೂತ್ರಪಿಂಡದ ಸಹಾಯವಿಲ್ಲದೆ, ಯೂರಿಯಾವನ್ನು ಪಡೆದನು. ಆ ನಂಬಿಕೆ ಕ್ರಮವಾಗಿ ಕುಸಿಯಿತು. ಹೆಸರು ಮಾತ್ರ ಉಳಿಯಿತು. 1861ರ ಹೊತ್ತಿಗೆ ಕೆಕುಲೆಯು ಈ ಶಾಖೆಯನ್ನು ಇಂಗಾಲದ ಸಂಯುಕ್ತಗಳ ರಸಾಯನವೆಂದು ನಿರೂಪಿಸಿದ್ದನು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದುದು 1918ರಲ್ಲಿ. ಕನ್ನಡವು ವಿಜ್ಞಾನದ ಮಾತನ್ನು ಕ್ರಮವಾಗಿ ಆಡಲು ತೊಡಗುವ ವೇಳೆಗೆ ಪರದೇಶದ ಆ ಶಬ್ದವು ಒಳಗಿನ ಜೀವವನ್ನು ಕಳೆದುಕೊಂಡು ಬಹುಕಾಲವಾಗಿದ್ದಿತು. ‘ಸಾವಯವ’ವು ಆ ಬರಿಯ ಹೊರಮೈಯ ಅನುವಾದ.

ಈ ಅನುವಾದದಿಂದ ಆದ ತೊಡಕು ಎರಡು ತೆರನಾದುದು. ತರ್ಕವನ್ನು ಓದಿದವನಿಗೆ ಅಡಿಗೆಯ ಉಪ್ಪು ಸ್ಪಷ್ಟವಾಗಿ ಸಾವಯವ; ಅದಕ್ಕೆ ಭಾಗಗಳುಂಟು. ರಸಾಯನಶಾಸ್ತ್ರವು ಅದನ್ನು ನಿರವಯವವೆನ್ನುತ್ತದೆ. ಇದು ಹಳೆಯ ಅರ್ಥದೊಡನೆ ಜಗಳ. ಎರಡನೆಯದು ಹೊಲದೊಡನೆ. ಹಾಸನದ ಆಲೂಗೆಡ್ಡೆಗೆ ತಗಲುವ ಅಂಗಮಾರಿ ರೋಗಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದುಂಟು. ರಸಾಯನದ ಲೆಕ್ಕದಲ್ಲಿ ಇವೆರಡೂ ನಿರವಯವ. ಸಾವಯವ ಕೃಷಿಯ ನಿಯಮಗಳಲ್ಲಿಯಾದರೋ ಮೈಲುತುತ್ತಕ್ಕೆ ನಿರ್ಬಂಧಪೂರ್ವಕವಾಗಿ ಎಡೆಯುಂಟು. ಇಂಗಾಲದ ಸಂಯುಕ್ತವಾದ ಯೂರಿಯಾಕ್ಕೆ ಎಡೆಯಿಲ್ಲ. ಅಂದಮೇಲೆ ‘ನಿರವಯವ’ವಾದುದು ಸಾವಯವ ಹೊಲಕ್ಕೆ ಬರಬಹುದು, ‘ಸಾವಯವ’ವಾದುದು ಬರಲಾಗದು ಎಂದು ಹೇಳಬೇಕಾಗುತ್ತದೆ!

ಈ ತೊಡಕು ಕೇವಲ ಮಾತಿನದಲ್ಲ. ಸಾವಯವವೆಂದರೆ ನಿರಪಾಯಕರವೆಂದು ತಿಳಿಯುವ ರೂಢಿಯೊಂದು ಹಬ್ಬಿದೆ. ಅರಕಲಗೂಡಿನ ಹೊಲಗಳಲ್ಲಿ ಬೆಳೆಯುವ ಹೊಗೆಸೊಪ್ಪಿನ ನಿಕೋಟಿನ್ ಈ ರೂಢಿಗೆ ಉತ್ತರ. ಅದು ಗಿಡದಲ್ಲಿಯೇ ಹುಟ್ಟಿದುದು, ಇಂಗಾಲದ ಸಂಯುಕ್ತ, ತೀಕ್ಷ್ಣವಾದ ವಿಷ. ಕೀಟನಾಶಕಗಳಲ್ಲಿ ಬಹಳಷ್ಟು ರಸಾಯನದ ಅರ್ಥದಲ್ಲಿ ಸಾವಯವಗಳೇ. ಡಬ್ಬಿಯ ಮೇಲಿನ ಒಂದು ಶಬ್ದವನ್ನು ರೈತನು ಒಂದು ಅರ್ಥದಲ್ಲಿಯೂ ಅವನ ಮಗನು ಇನ್ನೊಂದು ಅರ್ಥದಲ್ಲಿಯೂ ಓದಿದರೆ ಕೆಡುಕು ಮೈಗೇ ತಟ್ಟುತ್ತದೆ.

ಬೇಸಾಯದವರು ಈ ಶಬ್ದವನ್ನು ಅಪಹರಿಸಿದರೆಂದು ದೂರುವುದು ನ್ಯಾಯವಲ್ಲ. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನನು ಈ ಕೃಷಿಯನ್ನು ವಿವರಿಸಿದಾಗ ಅವನ ಮನಸ್ಸಿನಲ್ಲಿದ್ದುದು ಇಂಗಾಲವಲ್ಲ. ಇಡೀ ಹೊಲಮನೆಯು ಒಂದು ಜೀವಿಯಂತೆ ಎಂಬ ಭಾವನೆ. ಕೊಟ್ಟಿಗೆ, ತಿಪ್ಪೆ, ಹೊಂಗೆಯ ಸೊಪ್ಪು, ದನ, ಮಣ್ಣು, ಮನೆ ಒಂದಕ್ಕೊಂದು ಅಂಗವಾಗಿ ನಡೆಯತಕ್ಕ ಬದುಕನ್ನು ‘ಸಾವಯವ’ವೆಂದರೆ ರುಯ್ಯಕನ ಅರ್ಥಕ್ಕೂ ಅದು ಒಪ್ಪುತ್ತದೆ. ಕರ್ನಾಟಕ ಸರ್ಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ಮೇಲೆ ಈ ಅರ್ಥವು ಇನ್ನಷ್ಟು ನೆಲೆಯೂರಿತು. ಕಾವ್ಯವಿಮರ್ಶೆಯಲ್ಲಿ ‘ಸಾವಯವ ಏಕತೆ’ ಎನ್ನುವಾಗಲೂ ಇದೇ ಅರ್ಥ. ಇನ್ನು ಹಳ್ಳಿಯ ಮಾತು ‘ಕೊಟ್ಟಿಗೆ ಗೊಬ್ಬರ’, ‘ಸರ್ಕಾರಿ ಗೊಬ್ಬರ’ ಎಂದು ಬೇರ್ಪಡಿಸಿ ಎಂದೂ ಗೊಂದಲಕ್ಕೆ ಸಿಕ್ಕಲಿಲ್ಲವೆಂಬುದು ಗಮನಾರ್ಹ.

ಶಾಸ್ತ್ರಶಬ್ದಕ್ಕೆ ರೂಢಿಯೇ ಪ್ರಮಾಣ, ಅವಯವಾರ್ಥವನ್ನು ಕೆದಕುವುದೇಕೆ ಎಂದು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿದು. ‘ಪಂಕಜ’ವು ಯೋಗರೂಢ, ಕೆಸರಿನಲ್ಲಿ ಹುಟ್ಟಿದುದೆಲ್ಲವೂ ತಾವರೆಯಲ್ಲವಾದರೂ ತಾವರೆಯು ಕೆಸರಿನಲ್ಲಿ ಹುಟ್ಟಿದುದೇ. ಅಲ್ಲಿ ರೂಢಿಯು ಯೋಗಾರ್ಥವನ್ನು ಕಿರಿದುಗೊಳಿಸುತ್ತದೆ, ಕೆಡಿಸುವುದಿಲ್ಲ. ರಸಾಯನದ ‘ಸಾವಯವ’ದಲ್ಲಿ ರೂಢಿಗೂ ಯೋಗಕ್ಕೂ ನಂಟೇ ಉಳಿದಿಲ್ಲ.

‘ಇಂಗಾಲ ಸಂಯುಕ್ತ’, ‘ಇಂಗಾಲ ರಸಾಯನ’ ಎಂಬ ಮಾತುಗಳು ಆಗಲೇ ಬಳಕೆಯಲ್ಲಿವೆ. ಇವೂ ನಿರ್ದುಷ್ಟವಲ್ಲ. ಚನ್ನರಾಯಪಟ್ಟಣದ ತೆಂಗಿನ ಕರಟವನ್ನು ಸುಟ್ಟ ಇದ್ದಿಲು ಬಹುಮಟ್ಟಿಗೆ ಇಂಗಾಲವೇ, ಸುಣ್ಣಕಲ್ಲಿನಲ್ಲಿಯೂ ಇಂಗಾಲವುಂಟು. ಆದರೂ ಎರಡನ್ನೂ ಈ ಶಾಖೆಯಲ್ಲಿ ಎಣಿಸುವುದಿಲ್ಲ. ಆದರೆ ಇದು ‘ಪಂಕಜ’ದ ಜಾತಿಯ ಕೊರತೆ: ಹೆಸರು ವಸ್ತುವಿಗಿಂತ ಅಗಲವಾಗಿದೆ, ಅದಕ್ಕೆ ವಿರುದ್ಧವಾಗಿಲ್ಲ. ಅಪವಾದಗಳನ್ನು ಉಪಾಧ್ಯಾಯನು ಎರಡು ವಾಕ್ಯಗಳಲ್ಲಿ ಹೇಳಬಹುದು. ‘ಸಾವಯವ’ದ ವಿರೋಧವನ್ನು ಹಾಗೆ ಪರಿಹರಿಸಲಾಗದು.

ಆದಕಾರಣ ರಸಾಯನದ ಪಾಠದಲ್ಲಿ ‘ಇಂಗಾಲ ಸಂಯುಕ್ತ’ವೇ ಮೊದಲ ಹೆಸರಾಗಿ ನಿಲ್ಲುವುದು ಯುಕ್ತ, ‘ಸಾವಯವ’ವು ಹಳೆಯ ಹೆಸರೆಂಬ ಸೂಚನೆಯೊಡನೆ ಒಮ್ಮೆ ಬಂದರೆ ಸಾಕು. ಕೃಷಿಗೂ ಕಾವ್ಯಕ್ಕೂ ಆ ಶಬ್ದವನ್ನು ಬಿಟ್ಟುಕೊಡುವುದರಿಂದ ರಸಾಯನಶಾಸ್ತ್ರಕ್ಕೆ ನಷ್ಟವಿಲ್ಲ. ಈ ಕೆಲಸದಲ್ಲಿ ವಿಜ್ಞಾನದ ಉಪಾಧ್ಯಾಯರಷ್ಟೇ ಪಾಲು ಭಾಷೆಯ ಉಪಾಧ್ಯಾಯರಿಗೂ ಇದೆ. ಸಾವಯವರೂಪಕವನ್ನು ಪಾಠ ಹೇಳುವ ದಿನ ಯೂರಿಯಾದ ಮಾತನ್ನೂ ಎತ್ತಿದರೆ, ವಿದ್ಯಾರ್ಥಿಗೆ ಒಂದು ಅಲಂಕಾರದ ಜೊತೆಗೆ ಶಬ್ದವು ಹೇಗೆ ಬಾಳುತ್ತದೆ, ಹೇಗೆ ಬಡವಾಗುತ್ತದೆ ಎಂಬುದೂ ತಿಳಿದೀತು.